ಮಗಳಿಗೊಂದು ಪತ್ರ: 'ಪುಲ್' ಅನ್ನುವ ಮೊದಲು

ಪ್ರೀತಿಯ ಪುಟ್ಟಿ,

ಮುಂದಿನ ವಾರದಿಂದ ನೀನೂ ಆರು ಜನರ ಸ್ಕ್ವಾಡ್‌ನಲ್ಲಿ ನಿಂತು ಟ್ರ್ಯಾಪ್, ಅಂದರೆ ಯಂತ್ರ ಗಾಳಿಗೆ ಎಸೆಯುವ ತಟ್ಟೆಯನ್ನು ಕೋವಿಯಿಂದ ಒಡೆಯುವ ಆಟ, ಹೊಡೆಯುತ್ತೀಯ. ಗುರಿಯ ಪಾಠ ಕೋಚ್ ಮಾಡುತ್ತಾರೆ. ಅವರು ಒಂದೇ ಸಲ ಹೇಳಿ ಮುಂದಕ್ಕೆ ಹೋಗುವ, ಆದರೆ ಆಮೇಲೆ ಸ್ಕೋರನ್ನೆಲ್ಲ ನುಂಗುವ ಸಂಗತಿಗಳನ್ನು ನಾನು ಬರೆಯುತ್ತಿದ್ದೇನೆ. ಈ ಆಟದಲ್ಲಿ ತಟ್ಟೆ ಗಾಳಿಯಲ್ಲಿರುವಾಗ ಯೋಚಿಸಲು ಹೊತ್ತೇ ಸಿಗುವುದಿಲ್ಲ. ಬಂಕರಿನಿಂದ, ಅಂದರೆ ಯಂತ್ರಗಳಿರುವ ಹೊಂಡದಿಂದ, ಹೊರಟ ತಟ್ಟೆಗೆ ಮೊದಲ ಈಡು ಬೀಳುವಷ್ಟರಲ್ಲಿ ಒಂದು ಸೆಕೆಂಡೂ ತುಂಬಿರುವುದಿಲ್ಲ. ಮಾಡಬೇಕಾದ್ದನ್ನೆಲ್ಲ, ತಟ್ಟೆ ಬಿಡಲು 'ಪುಲ್' ಅಂತ ಕೂಗುವ ಮೊದಲೇ ಮಾಡಿರಬೇಕು.

ಮೊದಲು ಕೋವಿಯ ಮರ್ಯಾದೆ. ಸ್ಟೇಷನ್ನಿನಲ್ಲಿ, ಅಂದರೆ ಹೊಡೆಯಲು ನಿಲ್ಲುವ ಜಾಗದಲ್ಲಿ, ಮೈದಾನದ ಕಡೆ ಮುಖ ಮಾಡಿ ನಿಂತಾಗ ಬಿಟ್ಟರೆ ಉಳಿದೆಲ್ಲ ಹೊತ್ತು ಕೋವಿ ಮಡಚಿ ತೆರೆದಿರಬೇಕು. ಖಾಲಿ ಇದೆ ಅಂತ ನಿನಗೆ ಗೊತ್ತಿದ್ದರೆ ಸಾಲದು, ಆಚೆ ನಿಂತವರಿಗೂ ಅದು ತೆರೆದಿರುವುದು ಕಾಣಬೇಕು. ಯಾರ ಕೈಗಾದರೂ ಕೊಡುವಾಗ ತೆರೆದೇ ಕೊಡು. ಅವರು ತೆರೆಯದೆ ಕೊಟ್ಟರೆ ಮುಟ್ಟಬೇಡ, ಹಿರಿಯರಾದರೂ ಸರಿಯೇ. ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅವರ ಪಕ್ಕ ನಿಲ್ಲಬೇಡ.

ತೋಟಾ ಚೀಲದಲ್ಲಿ 12 ಗೇಜಿನವು ಮಾತ್ರ ಇರಲಿ. ಗೇಜ್ ಅಂದರೆ ನಳಿಗೆಯ ಅಗಲದ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ತೋಟಾ ಸಣ್ಣದು. ಹಳದಿ ಬಣ್ಣದ 20 ಗೇಜಿನ ತೋಟಾ ಒಂದು ತಪ್ಪಿ ಸೇರಿಕೊಂಡರೆ 12ರ ಕೋವಿಯಲ್ಲಿ ಅದು ಜಾರಿ ಮುಂದೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಬರೀ 'ಕ್ಲಿಕ್'. ತೋಟಾ ಹಾಕುವುದನ್ನೇ ಮರೆತೆ ಅಂದುಕೊಂಡು ಹಿಂದೆ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಒಡೆಯುತ್ತದೆ, ಅದೂ ಮುಂದಿನ ಕೈ ಹಿಡಿದಿರುವ ಜಾಗದ ಹತ್ತಿರವೇ. ಈಡಿನ ಸದ್ದು ಯಾವತ್ತಿನಂತಿರದೆ 'ಪುಸ್' ಅಂದರೂ ನಿಲ್ಲಿಸು. ಮದ್ದು ಸರಿಯಾಗಿ ಉರಿಯದೆ ಚರೆಯ, ಅಂದರೆ ಸೀಸದ ಸಣ್ಣ ಕಾಳುಗಳ, ಹಿಂದಿರುವ ವ್ಯಾಡ್ ಅನ್ನುವ ಪ್ಲಾಸ್ಟಿಕ್ ಬಿರಡೆ ನಳಿಗೆಯಲ್ಲೇ ಕೂತಿರಬಹುದು. ತೋಟಾ ತೆಗೆದು, ನಳಿಗೆಯೊಳಗೆ ಹಿಂದಿನಿಂದ ನೋಡಿ, ಆಚೆ ತುದಿಯ ಬೆಳಕು ಕಂಡ ಮೇಲೆಯೇ ಮುಂದಿನದು.

ತೋಟಾ ಸಿಡಿಯದೇ ಹೋದರೆ ಕೋವಿ ತೆರೆಯುವ ಆತುರ ಬೇಡ. ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ. ನಳಿಗೆ ಮೈದಾನದ ಕಡೆಗೇ ಇಟ್ಟು, ಕೈ ಎತ್ತಿ ರೆಫರಿಯನ್ನು ಕರೆ. ಸ್ಪರ್ಧೆಯಲ್ಲಿ ಅವರು ನೋಡುವ ಮೊದಲೇ ನೀನು ತೆರೆದರೆ ಆ ತಟ್ಟೆ ಹೋಯಿತೆಂದೇ ಲೆಕ್ಕ.

ಈಗ ಸಾಲಿನ ಶಿಸ್ತು. ಐದು ಸ್ಟೇಷನ್, ಆರು ಜನ. ಬಂಕರ್ 15 ಮೀಟರ್ ಮುಂದಿದೆ. ಅದರೊಳಗೆ 15 ಯಂತ್ರಗಳು, ಒಂದೊಂದು ಸ್ಟೇಷನ್ನಿನ ಎದುರಿಗೆ ಮೂರು ಮೂರು. ಒಂದು ಸುತ್ತಿಗೆ 25 ತಟ್ಟೆ. ಅವುಗಳಲ್ಲಿ 10 ಎಡಕ್ಕೆ, 10 ಬಲಕ್ಕೆ, 5 ನೇರಕ್ಕೆ. ಎಲ್ಲರಿಗೂ ಇದೇ ಪಾಲು, ಯಾವುದು ಯಾವಾಗ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಒಂದು ತಟ್ಟೆ ಹೊಡೆದ ಕೂಡಲೇ ಬಲಗಡೆಯ ಸ್ಟೇಷನ್ನಿಗೆ ನಡೆಯಬೇಡ. ಬಲಗಡೆಯವರು ತಮ್ಮ ತಟ್ಟೆ ಹೊಡೆದು ಮುಗಿಸುವವರೆಗೆ ಅಲ್ಲೇ ನಿಂತಿರು. ಐದನೆಯದಾದ ಮೇಲೆ ಖಾಲಿ ಕೋವಿ ತೆರೆದುಕೊಂಡು ಸಾಲಿನ ಹಿಂದಿನಿಂದ ಒಂದನೆಯ ಸ್ಟೇಷನ್ನಿನ ಹಿಂದಕ್ಕೆ ಬಂದು ಕಾಯಬೇಕು. ತಟ್ಟೆ ಬಿಡುವುದು ಮೈಕು, ನಿನ್ನ ದನಿ ಕೇಳಿದ ಕ್ಷಣವೇ. ಅದಕ್ಕೆ ಕೆಮ್ಮು ಯಾವುದು, ಕೂಗು ಯಾವುದು ಅಂತ ತಿಳಿಯುವುದಿಲ್ಲ. ಸಾಲಿನಲ್ಲಿ ಮಾತಾಡಬಾರದು ಅನ್ನುವುದು ಬರೀ ಸಭ್ಯತೆಯ ಪ್ರಶ್ನೆಯಲ್ಲ.

ಸ್ಕ್ವಾಡಿಗೊಂದು ಲಯ ಹುಟ್ಟಿಕೊಳ್ಳುತ್ತದೆ. ನಿನ್ನ ಸರದಿ ಬಂದಾಗ ಚೀಲದಲ್ಲಿ ತೋಟಾ ತಡಕಾಡುತ್ತಿದ್ದರೆ ಉಳಿದ ಐವರೂ ಹೆಗಲು ಬಿಗಿ ಮಾಡಿಕೊಂಡು ಕಾಯಬೇಕಾಗುತ್ತದೆ. ಎಡಗಡೆಯವರು ಕೋವಿ ಎತ್ತುವಷ್ಟರಲ್ಲಿ ಎರಡು ತೋಟಾ ನಿನ್ನ ಕೈಯಲ್ಲಿರಲಿ. ಖಾಲಿ ತೋಟಾ ನೆಲಕ್ಕೆ ಚೆಲ್ಲದೆ ಡಬ್ಬಕ್ಕೆ ಹಾಕು. ಪಕ್ಕದವರು ತಪ್ಪಿದಾಗ 'ಹಿಂದೆ ಹೊಡೆದಿರಿ' ಅಂತ ಉಪದೇಶ ಮಾಡಬೇಡ. ಸುತ್ತಿನ ನಡುವೆ ಅದಕ್ಕಿಂತ ದೊಡ್ಡ ಕಿರಿಕಿರಿ ಇಲ್ಲ.

ತೀರ್ಪಿನ ವಿಷಯದಲ್ಲೂ ಒಂದು ಮಾತಿದೆ. ತಟ್ಟೆಯಿಂದ ಧೂಳೆದ್ದರೆ ಸಾಲದು, ಕಣ್ಣಿಗೆ ಕಾಣುವ ಒಂದು ಚೂರಾದರೂ ಒಡೆದು ಬೀಳಬೇಕು. ಯಂತ್ರದಿಂದಲೇ ಒಡೆದು ಬಂದ ತಟ್ಟೆ ಲೆಕ್ಕಕ್ಕಿಲ್ಲ, ಹೊಡೆದರೂ ಮತ್ತೊಂದು ಕೊಡುತ್ತಾರೆ. ತೀರ್ಪು ತಪ್ಪೆನಿಸಿದರೆ ಆಗಲೇ ಕೈ ಎತ್ತಿ ಹೇಳು. ಸುತ್ತು ಮುಗಿದ ಮೇಲಿನ ದೂರಿಗೆ ಬೆಲೆಯಿಲ್ಲ.

ತಟ್ಟೆಯ ಗುಣವೂ ಗೊತ್ತಿರಲಿ. ಹೆಸರು ಕ್ಲೇ, ಆದರೆ ಈಗಿನ ತಟ್ಟೆಯಲ್ಲಿ ಜೇಡಿಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು. 110 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕ. ಬಿಸಿಲಿಗೆ ಮೆತ್ತಗಾದ ತಟ್ಟೆ ಚರೆ ತಗುಲಿದರೂ ಒಡೆಯದೆ ತೂತು ಬಿದ್ದುಕೊಂಡು ಹಾರಿಹೋಗುವುದುಂಟು. ಎದುರು ಗಾಳಿಯಿದ್ದರೆ ತಟ್ಟೆ ಮೇಲಕ್ಕೇಳುತ್ತದೆ, ಹಿಂದಿನಿಂದ ಬೀಸಿದರೆ ತಗ್ಗುತ್ತದೆ. ಸುತ್ತು ಶುರುವಾಗುವ ಮೊದಲು ನಿನಗಿಂತ ಮೊದಲು ಹೊಡೆಯುವ ಸ್ಕ್ವಾಡಿನ ತಟ್ಟೆಗಳನ್ನು ನೋಡುತ್ತ ನಿಂತರೆ ಇದು ಪುಕ್ಕಟೆಯಾಗಿ ತಿಳಿಯುತ್ತದೆ.

ಇನ್ನು ತಪ್ಪುಗಳಿಗೆ ಬರುತ್ತೇನೆ. ನಿನ್ನ ಆಳುವ ಕಣ್ಣು ಯಾವುದು ಅಂತ ಇವತ್ತೇ ನೋಡಿಕೋ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ಅದರಲ್ಲಿ ನೋಡು. ಆಮೇಲೆ ಒಂದೊಂದೇ ಕಣ್ಣು ಮುಚ್ಚು. ಯಾವುದನ್ನು ಮುಚ್ಚಿದಾಗ ವಸ್ತು ಮಾಯವಾಗುತ್ತದೋ ಆಳುವುದು ಆ ಕಣ್ಣು. ಬಲಹೆಗಲಿಗೆ ಕೋವಿ ಇಟ್ಟು ಎಡಗಣ್ಣು ಆಳಿದರೆ, ನಳಿಗೆ ನೋಡುವ ದಿಕ್ಕೇ ಬೇರೆ, ನೀನು ನೋಡುವ ದಿಕ್ಕೇ ಬೇರೆ. ಹೊಸಬಳಾಗಿರುವಾಗಲೇ ಹೆಗಲು ಬದಲಿಸುವುದು ಒಳ್ಳೆಯದು. ಆಗದಿದ್ದರೆ ಕನ್ನಡಕದ ಎಡ ಗಾಜಿನ ಮೇಲೆ, ಕಣ್ಣಪಾಪೆಯ ಎದುರಿಗೆ, ಮಂಕು ಟೇಪಿನ ಚಿಕ್ಕ ಚೂರು ಅಂಟಿಸು.

ಕೋವಿ ಏರಿಸುವಾಗ ಮರವೇ ಕೆನ್ನೆಗೆ ಬರಬೇಕು, ಕೆನ್ನೆ ಮರಕ್ಕೆ ಇಳಿಯಬಾರದು. ಈ ಕೋವಿಯಲ್ಲಿ ಹಿಂದಿನ ಗುರಿಕಡ್ಡಿ ಇಲ್ಲ, ಆ ಕೆಲಸ ನಿನ್ನ ಕಣ್ಣಿನದು. ತಲೆ ಒಂದು ಬೆರಳಿನಷ್ಟು ಎದ್ದರೂ ಚರೆ ತಟ್ಟೆಯ ಮೇಲಿಂದ ಹೋಗುತ್ತದೆ. ಒಡೆಯಿತೋ ಇಲ್ಲವೋ ನೋಡುವ ಆಸೆಗೆ ತಲೆ ಎತ್ತುವವರೇ ಹೆಚ್ಚು.

ಕಾಲನ್ನು ತಟ್ಟೆ ಹೊರಡುವ ಜಾಗದ ಲೆಕ್ಕದಲ್ಲಿ ಇಡಬೇಡ, ಒಡೆಯಬೇಕಾದ ಜಾಗದ ಲೆಕ್ಕದಲ್ಲಿ ಇಡು. ಟ್ರ್ಯಾಪ್ ತಟ್ಟೆ ಎರಡು ಕಡೆಗೂ 45 ಡಿಗ್ರಿಯವರೆಗೆ ಹೊರಳುತ್ತದೆ. ಸೊಂಟ ತಿರುಗದಿದ್ದರೆ ಕೋವಿಯನ್ನು ಕೈ ತಳ್ಳುತ್ತದೆ, ಕೈಯ ಓಟ ಮುಗಿದಲ್ಲಿ ಕೋವಿ ನಿಲ್ಲುತ್ತದೆ. ಕೋವಿ ನಿಂತರೆ ಚರೆ ಹಿಂದೆ ಬೀಳುತ್ತದೆ. ಲೆಕ್ಕ ನೋಡು: 30 ಮೀಟರ್ ದಾಟಲು ಚರೆಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಬೇಕು. ಅಷ್ಟರಲ್ಲಿ ಸೆಕೆಂಡಿಗೆ 20 ಮೀಟರ್ ಅಡ್ಡ ಓಡುವ ತಟ್ಟೆ 2 ಮೀಟರ್ ಮುಂದಿರುತ್ತದೆ. ಇದನ್ನು ಗಾಳಿಯಲ್ಲಿ ಅಳೆಯಲು ಹೋಗಬೇಡ. ಅಳೆಯಬೇಕಾದರೆ ಕಣ್ಣು ನಳಿಗೆಯ ತುದಿಯ ಮಣಿಗೆ ಬರುತ್ತದೆ, ಮಣಿ ನೋಡಿದ ಕ್ಷಣ ಕೈ ನಿಲ್ಲುತ್ತದೆ. ತಟ್ಟೆಯ ಮುಂದಿನ ಅಂಚನ್ನೇ ನೋಡುತ್ತ, ಹಿಂದಿನಿಂದ ಅದನ್ನು ದಾಟಿ, ದಾಟುತ್ತಲೇ ಎಳೆದು, ಎಳೆದ ಮೇಲೂ ತಿರುಗುತ್ತಿರು.

ತೋಟಾದಲ್ಲಿ 24 ಗ್ರಾಂ ಚರೆ, ಸ್ಪರ್ಧೆಯಲ್ಲಿ ಅದಕ್ಕಿಂತ ಹೆಚ್ಚಿಗೆ ಅವಕಾಶವಿಲ್ಲ. 2.4 ಮಿಲಿಮೀಟರಿನವಾದರೆ 300ರ ಆಸುಪಾಸು ಕಾಳು. ನಳಿಗೆಯ ತುದಿ ಬಿಗಿ ಮಾಡುವ ಚೋಕ್ ಅವು ಎಷ್ಟು ಹರಡಬೇಕೆಂದು ಹೇಳುತ್ತದೆ. 36 ಮೀಟರ್ ದೂರದಲ್ಲಿ ಮುಕ್ಕಾಲು ಮೀಟರಿನ ವೃತ್ತದೊಳಗೆ ಫುಲ್ ಚೋಕ್ ನೂರಕ್ಕೆ 70, ಮಾಡಿಫೈಡ್ 60 ಕಾಳು ಬೀಳಿಸಬೇಕು ಅನ್ನುವುದು ಹಳೆಯ ಅಳತೆ. ಟ್ರ್ಯಾಪಿನಲ್ಲಿ ಒಂದು ತಟ್ಟೆಗೆ ಎರಡು ಈಡು ಇರುವುದರಿಂದ ಮೊದಲನೆಯದಕ್ಕೆ ಮಾಡಿಫೈಡ್, ದೂರ ಹೋದ ಎರಡನೆಯದಕ್ಕೆ ಫುಲ್ ಇಟ್ಟುಕೊಳ್ಳುವವರು ಹೆಚ್ಚು. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬದೆ ದೊಡ್ಡ ಕಾಗದಕ್ಕೆ ಹೊಡೆದು ಎಣಿಸು. ಬೇಸರದ ಕೆಲಸ, ಆದರೆ ಒಂದೇ ಸಲ ಮಾಡಿದರೆ ಸಾಕು.

ಹಿನ್ನೊದೆಗೆ ಹೆದರಿ, ಟ್ರಿಗರ್ ಎಳೆಯುವ ಮೊದಲೇ ಮೈ ಬೆಚ್ಚುವ ರೋಗ ಒಂದಿದೆ. ಸದ್ದೂ ಅದಕ್ಕೆ ಕಾರಣ, ಹಾಗಾಗಿ ಕಿವಿರಕ್ಷೆ ಇಲ್ಲದೆ ಒಂದು ಈಡೂ ಹೊಡೆಯಬೇಡ. ಮರ ಹೆಗಲ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂತರೆ ನೀಲಿಗಟ್ಟುತ್ತದೆ, ಮರುದಿನ ರೋಗ ಶುರು. ತರಬೇತಿಯಲ್ಲಿ 21 ಗ್ರಾಂ ತೋಟಾ ಹಾಕು, ನಡುನಡುವೆ ಹುಸಿ ತೋಟಾ ಸೇರಿಸಲು ಕೋಚ್‌ಗೆ ಹೇಳು. ಹುಸಿಯ ಮೇಲೂ ನಳಿಗೆ ತಗ್ಗಿದರೆ ಕಾರಣ ಹೆದರಿಕೆಯೇ.

ಸ್ಕೀಟ್, ಅಂದರೆ ಎರಡು ಬದಿಯ ಗೋಪುರಗಳಿಂದ ತಟ್ಟೆ ಹಾರಿಬರುವ ಇನ್ನೊಂದು ಆಟ, ಈಗಲೇ ಬೇಡ. ಅಲ್ಲಿ ಕೋವಿಯ ಬುಡವನ್ನು ಸೊಂಟದ ಹತ್ತಿರ ಇಟ್ಟುಕೊಂಡು ಕೂಗಬೇಕು, ತಟ್ಟೆ ಆ ಕ್ಷಣವೂ ಬರಬಹುದು, 3 ಸೆಕೆಂಡ್ ತಡವಾಗಿಯೂ ಬರಬಹುದು. ಏರಿಸುವುದು ಕೈಗೆ ಕೂತ ಮೇಲೆ ಹೋಗು. ಗಂಡಸರ ಆಟ ಅಂತ ಯಾರಾದರೂ ಅಂದರೆ 1992ರ ಬಾರ್ಸಿಲೋನಾ ಒಲಿಂಪಿಕ್ಸ್ ನೆನಪಿಸು. ಆಗ ಸ್ಕೀಟ್ ಗಂಡು ಹೆಣ್ಣು ಇಬ್ಬರಿಗೂ ಒಂದೇ. ಚೀನಾದ ಜಾಂಗ್ ಶಾನ್ 225ಕ್ಕೆ 223 ಒಡೆದು ಚಿನ್ನ ಗೆದ್ದಳು. 1996ರಲ್ಲಿ ಅದನ್ನು ಗಂಡಸರಿಗಷ್ಟೇ ಮಾಡಿಬಿಟ್ಟರು, ಹೆಂಗಸರ ಸ್ಕೀಟ್ ಬಂದದ್ದು 2000ದಲ್ಲಿ.

ಆಮೇಲೆ, ಚರೆ ಅಂದರೆ ಸೀಸ. ಮೈದಾನದಿಂದ ಬಂದವಳೇ ಸೋಪು ಹಾಕಿ ಕೈ ಮುಖ ತೊಳೆ, ಆಮೇಲೆ ಊಟ. ಆ ಜಾಕೆಟ್ಟನ್ನು ಬೇರೆ ಬಟ್ಟೆಗಳ ಜೊತೆ ಒಗೆಯಲು ಹಾಕಬೇಡ.

ನಿನ್ನ
ಅಮ್ಮ