ಸ್ಟೀರಿಂಗ್ ಬಿಗಿಯಾದರೆ ‘ಎಲ್ಲ ಸರಿ ಇದೆ’ ಎನ್ನಬೇಡಿ

ಮಾನ್ಯರೇ,

ಒಂದೇ ಮಾದರಿಯ ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ತೊಂದರೆ ಮತ್ತೆ ಮತ್ತೆ ಬರುತ್ತಿದೆ. ಆದರೂ ಸರ್ವಿಸ್ ಸೆಂಟರಿನವರು ಅದನ್ನು ದೂರು ಅಂತ ಬರೆದುಕೊಳ್ಳುವುದೇ ಇಲ್ಲ.

ನನ್ನ ತವರು ತೀರ್ಥಹಳ್ಳಿ. ಕಟಪಾಡಿಯಿಂದ ಹೋಗುವಾಗ ನಮ್ಮದು ಆಗುಂಬೆ ಘಾಟಿಯ ದಾರಿ. ಕಳೆದ ಮಳೆಗಾಲ ಸೋಮೇಶ್ವರ ದಾಟಿ ಘಾಟಿ ಹತ್ತುತ್ತಿದ್ದಾಗ, ತಿರುವಿನಲ್ಲೇ ಸ್ಟೀರಿಂಗ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಮರುಗಳಿಗೆಯಲ್ಲಿ ಸ್ಟೀರಿಂಗ್ ಕಡೆಯುವ ಕಲ್ಲಿನಷ್ಟು ಭಾರ. ಮೇಲಿನಿಂದ ಬಸ್ಸು ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ಮಗಳು. ಎರಡೂ ಕೈಯಲ್ಲಿ ಎಳೆದು ಹೇಗೋ ಬದಿಗೆ ತಂದು ನಿಲ್ಲಿಸಿದೆ. ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ದೀಪವೂ ಇಲ್ಲ, ಭಾರವೂ ಇಲ್ಲ.

ಸರ್ವಿಸ್ ಸೆಂಟರಿನಲ್ಲಿ ಸಿಕ್ಕ ಉತ್ತರ: “ಕಂಪ್ಯೂಟರ್ ಹಾಕಿ ನೋಡಿದೆವು, ಏನೂ ತೋರಿಸ್ತಾ ಇಲ್ಲ ಮೇಡಂ. ಅಲೈನ್‌ಮೆಂಟ್ ಮಾಡಿದ್ದೇವೆ.” ಚಕ್ರಗಳ ಓರೆ ಸರಿಮಾಡುವ ಅಲೈನ್‌ಮೆಂಟಿಗೂ ಆ ದೀಪಕ್ಕೂ ಏನು ಸಂಬಂಧ? ಈಗಿನ ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ಹಗುರ ಮಾಡುವುದು ಒಂದು ಕರೆಂಟ್ ಮೋಟಾರು. ನಾವು ಎಷ್ಟು ಬಲ ಹಾಕಿ ತಿರುಗಿಸುತ್ತಿದ್ದೇವೆ ಎಂದು ಒಂದು ಸೆನ್ಸರ್ ಅಳೆಯುತ್ತದೆ, ಅದರಂತೆ ಮೋಟಾರು ಸಹಾಯ ಮಾಡುತ್ತದೆ. ಸೆನ್ಸರ್ ಕೆಟ್ಟರೆ, ವಯರು ಸಡಿಲವಾದರೆ, ಬ್ಯಾಟರಿ ದುರ್ಬಲವಾದರೆ ಮೋಟಾರು ನಿಂತುಹೋಗಬಹುದು. ಚಕ್ರ ತಿರುಗುತ್ತದೆ, ಆದರೆ ಪೂರ್ತಿ ಬಲ ನಮ್ಮದೇ. ಇದನ್ನು ನನಗೆ ಬಿಡಿಸಿ ಹೇಳಿದ್ದು ನಮ್ಮೂರಿನ ಪರಿಚಯದ ಮೆಕ್ಯಾನಿಕ್.

ಮುಂದೆ ಮಂಗಳೂರಿನ ನಂತೂರು ಸರ್ಕಲ್ಲಿನ ಟ್ರಾಫಿಕ್ಕಿನಲ್ಲೂ ಹಾಗೇ ಆಯಿತು. ಈ ಸಲ ಮಗಳು ಮೊಬೈಲಿನಲ್ಲಿ ದೀಪದ ಫೋಟೊ ತೆಗೆದಳು. ಅದನ್ನು ತೋರಿಸಿದ ಮೇಲೆ ಮಾತು ಬದಲಾಯಿತು: ಇಡೀ ಸ್ಟೀರಿಂಗ್ ಕಾಲಮ್ (ಸ್ಟೀರಿಂಗಿನ ಕೆಳಗಿನ ಕಂಬದಂಥ ಭಾಗ) ಬದಲಿಸಬೇಕು, ವಾರಂಟಿ ಮುಗಿದಿದೆ, ಖರ್ಚು ನಿಮ್ಮದೇ. ನನ್ನ ಗಂಡನ ಸಹೋದ್ಯೋಗಿಯದ್ದೂ ಅದೇ ಕಾರು. ಅವರಿಗೂ ಇದೇ ಅನುಭವ, ಇದೇ ಉತ್ತರ. ಒಬ್ಬೊಬ್ಬರನ್ನೇ ಹೀಗೆ ಸಾಗಹಾಕಿದರೆ ದೋಷ ಕಾರಿನದ್ದು ಎಂದು ಗೊತ್ತಾಗುವುದಾದರೂ ಹೇಗೆ?

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿದೆ. ದೋಷವಿರುವ ವಾಹನಗಳನ್ನು ವಾಪಸ್ ಕರೆಸಿ ಸರಿಪಡಿಸಿ ಎಂದು ಕಂಪನಿಗೆ ಆದೇಶ ಕೊಡುವ ಅಧಿಕಾರ ಈಗ ಕೇಂದ್ರ ಸರ್ಕಾರಕ್ಕಿದೆ. ಇದರ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ. ಆದರೆ ಮಾಲೀಕರ ದೂರು ಸಾಕಷ್ಟು ಸಂಖ್ಯೆಯಲ್ಲಿ ಸೇರಬೇಕು. ಕಾರು ಸರ್ವಿಸಿಗೆ ಬಿಟ್ಟಾಗ ನಮ್ಮ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಸುಮ್ನೆ ‘ಜನರಲ್ ಚೆಕಪ್’ ಎಂದು ಬರೆದು ಕೊಟ್ಟರೆ ನಮ್ಮ ಕೈಯಲ್ಲಿ ದಾಖಲೆಯೇ ಇರುವುದಿಲ್ಲ, ಅಲ್ವಾ?

ನಾವು ಹೇಳಿದ್ದನ್ನು ಹೇಳಿದಂತೆಯೇ ಜಾಬ್ ಕಾರ್ಡಿನಲ್ಲಿ ಬರೆಯುವಂತೆ ಸರ್ವಿಸ್ ಸೆಂಟರುಗಳಿಗೆ ತಾಕೀತು ಆಗಬೇಕು. ಸಾರಿಗೆ ಸಚಿವಾಲಯದ ಪೋರ್ಟಲಿನಲ್ಲಿ ದೂರು ಕೊಡುವುದು ಹೇಗೆ ಎಂದು ಉಡುಪಿ ಮತ್ತು ಮಂಗಳೂರಿನ ಆರ್‌ಟಿಒ ಕಚೇರಿಗಳು ಕನ್ನಡದಲ್ಲಿ ಬೋರ್ಡ್ ಹಾಕಲಿ. ಈ ತೊಂದರೆ ಕಂಡ ಇತರರೂ ದೀಪದ ಫೋಟೊ, ಜಾಬ್ ಕಾರ್ಡ್ ಜೋಪಾನವಾಗಿಟ್ಟುಕೊಂಡು ದೂರು ದಾಖಲಿಸಿ. ಮಳೆಗಾಲ ಶುರುವಾಗುವ ಮೊದಲೇ ಈ ಕೆಲಸ ಆಗಲಿ.

– ಓರ್ವ ಓದುಗರು, ಕಟಪಾಡಿ