ಕಂಬಚಿಗುರು ಮತ್ತೆ ಬರುತ್ತದೆ, ಮಗಳೇ

ಮಾದಾಪುರ, ಕೊಡಗು

ಪ್ರೀತಿಯ ಮಗಳೇ,

ನಿನ್ನ ಕಾಗದ ತಲುಪಿತು. ನೈಟ್ ಡ್ಯೂಟಿಯಲ್ಲಿ ರೋಗಿಗಳ ಮೇಲೆ ರೇಗುತ್ತೀಯ, ಶನಿವಾರ ಚರ್ಚಿಗೆ ಹೋಗಿ ಗುರುಗಳ ಮುಂದೆ ಪಾಪನಿವೇದನೆ ಮಾಡುತ್ತೀಯ, ಸೋಮವಾರ ಮತ್ತೆ ಅದೇ. "ಒಂದೇ ಪಾಪವನ್ನು ಎಷ್ಟು ಸಲ ಹೇಳಲಿ ದೊಡ್ಡಪ್ಪ, ನಾಚಿಕೆಯಾಗುತ್ತೆ, ಇನ್ನು ಹೋಗಲ್ಲ" ಅಂತ ಬರೆದಿದ್ದೀಯ. ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ಹೋಗುವುದನ್ನು ಮಾತ್ರ ಬಿಡಬೇಡ.

ತೋಟದಲ್ಲಿ ಈಗ ಚಿಗುರು ತೆಗೆಯುವ ಕೆಲಸ. ಮನೆ ಹಿಂದಿನ ಅರೇಬಿಕಾ ಕಾಫಿ ಸಾಲು ನಿನಗೆ ಗೊತ್ತಲ್ಲ, ನಿನ್ನಜ್ಜ ನೆಟ್ಟದ್ದು. ನಲವತ್ತು ವರ್ಷದಿಂದ ಅವೇ ಗಿಡಗಳ ಕಂಬಚಿಗುರು ಮುರಿಯುತ್ತಿದ್ದೇನೆ. ಮಳೆ ಬಿದ್ದರೆ ಸಾಕು, ಕಾಂಡದ ಅದೇ ಗಂಟಿನಿಂದ ನೆಟ್ಟಗೆ ಮೇಲೇಳುತ್ತವೆ, ಗಿಡದ ಸತ್ವ ಹೀರುತ್ತವೆ. ಎಳೆಯದಿದ್ದಾಗ ಬುಡ ಹಿಡಿದು ಪಕ್ಕಕ್ಕೆ ಜಗ್ಗಿದರೆ ಚಟ್ಟನೆ ಬರುತ್ತದೆ. ಹಾಗೇ ಬಿಟ್ಟರೆ ಆಮೇಲೆ ಗರಗಸ ಬೇಕು. ಹೋದ ಸಲ ತೆಗೆದದ್ದೇ ಮತ್ತೆ ಬಂತು ಅಂತ ಯಾರೂ ತೋಟ ಬಿಟ್ಟು ಹೋಗುವುದಿಲ್ಲ. ಒಣಗಿದ ಗಿಡ ಚಿಗುರುವುದಿಲ್ಲ, ಮಗಳೇ.

"ನಿಮ್ಮ ತಂದೆಯಂತೆ ಪರಿಪೂರ್ಣರಾಗಿರಿ" ಎಂದು ಯೇಸು ಹೇಳಿದ ಮಾತಿಗೆ ನೀನು ಹೆದರುತ್ತೀಯ. ಗ್ರೀಕ್ ಮೂಲದಲ್ಲಿರುವ ಆ ಪದಕ್ಕೆ ಪೂರ್ತಿ ಬಲಿತದ್ದು, ಗುರಿ ಮುಟ್ಟಿದ್ದು ಎಂಬ ಅರ್ಥವೂ ಇದೆ. ಕಷ್ಟ ತಾಳ್ಮೆಯನ್ನು ಹುಟ್ಟಿಸುತ್ತದೆ ಎಂದು ಬೈಬಲಿನ ತನ್ನ ಪತ್ರದಲ್ಲಿ ಬರೆದ ಸಂತ ಯಕೋಬ, ಆ ತಾಳ್ಮೆ ತನ್ನ ಕೆಲಸ ಮುಗಿಸಲಿ ಎನ್ನುವಾಗ ಬಳಸಿದ್ದೂ ಅದೇ ಪದ. ಬಲಿಯಲು ಕಾಲ ಬೇಕು. ಸಂತ ಪೌಲನೇ ತಾನಿನ್ನೂ ಪರಿಪೂರ್ಣನಾಗಿಲ್ಲ, ಓಡುತ್ತಲೇ ಇದ್ದೇನೆ ಎಂದು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ.

ನಿನಗೆ ಹೇಳದೇ ಇದ್ದ ಒಂದು ವಿಷಯವಿದೆ. ನಾನೂ ನಿನ್ನಪ್ಪನೂ ಬೇಲಿ ವಿಷಯಕ್ಕೆ ಆರು ವರ್ಷ ಮಾತು ಬಿಟ್ಟಿದ್ದೆವು. ಒಂದೇ ಪೂಜೆಗೆ ಹೋಗಿ, ಅವನು ಆ ಬದಿ, ನಾನು ಈ ಬದಿ ನಿಂತು ಪರಮಪ್ರಸಾದ ಸ್ವೀಕರಿಸುತ್ತಿದ್ದೆವು. ನಾನು ಅದನ್ನು ಪಾಪ ಅಂತಲೂ ಹೇಳಿಕೊಳ್ಳಲಿಲ್ಲ. ನ್ಯಾಯ ನನ್ನ ಕಡೆ ಇದೆ ಅಂದುಕೊಂಡಿದ್ದೆ. 2018ರ ಆಗಸ್ಟ್ ಮಳೆಯಲ್ಲಿ ಮನೆ ಮೇಲಿನ ಗುಡ್ಡದ ಬರೆ ಜಾರಿತು. ಮೆಣಸು ಹಬ್ಬಿದ್ದ ಸಿಲ್ವರ್ ಮರಗಳು ನಿಂತ ಹಾಗೇ ಕೆಳಗಿಳಿದವು. ಆ ಕತ್ತಲಲ್ಲಿ ಮೊಣಕಾಲುದ್ದ ಕೆಸರು ತುಳಿದು, ಹೆಗಲಿಗೆ ಹಗ್ಗ ಹಾಕಿಕೊಂಡು ಬಂದವನು ನಿನ್ನಪ್ಪ. ಕೇಳಿದ್ದು ಇಷ್ಟೇ: "ಅಣ್ಣ, ಅತ್ತಿಗೆ ಎಲ್ಲಿ?"

ನಮ್ಮಿಬ್ಬರನ್ನು ಒಂದು ಮಾಡಲು ದೇವರು ಗುಡ್ಡ ಜಾರಿಸಿದ ಎಂದು ನಾನು ಹೇಳಲಾರೆ. ಆ ಮಳೆಯಲ್ಲಿ ಜನ ಸತ್ತರು, ಅಂಥ ಮಾತು ಆಡಬಾರದು. ಆದರೆ ಆರು ವರ್ಷ ನನ್ನೊಳಗೆ ಏನು ಬೆಳೆದಿತ್ತು ಅಂತ ಆ ರಾತ್ರಿ ಕಂಡೆ. ಆಮೇಲೂ ಜಗಳ ನಿಲ್ಲಲಿಲ್ಲ. ಮರುವರ್ಷ ಮೆಣಸಿನ ಲೆಕ್ಕಕ್ಕೆ ಅವನ ಮೇಲೆ ಕೂಗಾಡಿದೆ. ಆದರೆ ಅವತ್ತು ಸಂಜೆಯೇ ಅವನ ಮನೆ ಮೆಟ್ಟಿಲು ಹತ್ತಿದೆ. ಆರು ವರ್ಷ ಹಿಡಿದದ್ದು ಈಗ ಆರೇ ತಾಸಿಗೆ ಇಳಿದಿತ್ತು.

ಪ್ರಾರ್ಥನೆಯಲ್ಲಿ ಏನೂ ಅನ್ನಿಸುವುದಿಲ್ಲ ಅಂತಲೂ ಬರೆದಿದ್ದೀಯ. ಅಪ್ಪ ಹೋಗಿ ವರ್ಷವೂ ಆಗಿಲ್ಲ, ಅದು ಸಹಜ. ಮದರ್ ತೆರೇಸಾ ಸುಮಾರು ಐವತ್ತು ವರ್ಷ ಒಳಗೆ ಕತ್ತಲನ್ನೇ ಅನುಭವಿಸಿದರು. ಅವರು ತೀರಿಕೊಂಡ ಮೇಲೆ ಹೊರಬಂದ ಪತ್ರಗಳಿಂದ ಅದು ಗೊತ್ತಾಯಿತು. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ, ರೋಗಿಗಳ ಸೇವೆ ಬಿಡಲಿಲ್ಲ. ನಿನ್ನ ಕೆಲಸವೂ ಅದೇ ಅಲ್ಲವೇ?

ಬರುವ ಶನಿವಾರ ಹೋಗು. ಅದೇ ಪಾಪ, ಅದೇ ಮಾತಲ್ಲಿ ಹೇಳು. ಪದೇ ಪದೇ ಬೆಲ್ ಒತ್ತುತ್ತಾಳೆ ಅಂತ ನೀನು ಬರೆದ ಆ ಅಜ್ಜಿಯ ಬಳಿ, ರೇಗಿದ ದಿನ, ಡ್ಯೂಟಿ ಮುಗಿಯುವ ಮೊದಲೇ ವಾಪಸ್ ಹೋಗಿ ದಿಂಬು ಸರಿಮಾಡು.

ನವೆಂಬರ್ 2ಕ್ಕೆ, ತೀರಿಹೋದವರೆಲ್ಲರ ಸ್ಮರಣೆಯ ದಿನಕ್ಕೆ, ರಜೆ ಸಿಕ್ಕರೆ ಬಾ. ಅಪ್ಪನ ಸಮಾಧಿಗೆ ಒಟ್ಟಿಗೆ ಮೇಣದಬತ್ತಿ ಹಚ್ಚೋಣ.

ನಿನ್ನ ದೊಡ್ಡಪ್ಪ