ಸೈನಿಕ ಶಾಲೆ ಅರ್ಜಿ: ಜಾತಿ ಪತ್ರ ಮೊದಲೇ ನೋಡಿಕೊಳ್ಳಿ

ಮಾನ್ಯರೇ,

ಕೊಡಗು, ವಿಜಯಪುರದ ಸೈನಿಕ ಶಾಲೆಗಳ ಆರನೇ ತರಗತಿಗೆ ಅರ್ಜಿ ಹಾಕುವ ಪೋಷಕರು ಎಡವುವುದು ಹೆಚ್ಚಾಗಿ ಜಾತಿ ಪ್ರಮಾಣಪತ್ರದಲ್ಲಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 2ಎ, 3ಬಿ ಪತ್ರ ಇಲ್ಲಿ ನಡೆಯದು. ಕೇಂದ್ರದ ಒಬಿಸಿ (ಇತರ ಹಿಂದುಳಿದ ವರ್ಗ) ಪಟ್ಟಿಯಲ್ಲಿ ತಮ್ಮ ಜಾತಿ ಇದೆಯೇ ನೋಡಿ, ಕೆನೆಪದರಕ್ಕೆ (ಆ ವರ್ಗದೊಳಗಿನ ಅನುಕೂಲಸ್ಥರ ಗುಂಪಿಗೆ) ಸೇರದವರೆಂಬ ಕೇಂದ್ರ ನಮೂನೆಯ ಪತ್ರವನ್ನೇ ಕೇಳಿ ಪಡೆಯಬೇಕು. ಪ್ರವೇಶದ ವರ್ಷದ ಮಾರ್ಚ್ 31ಕ್ಕೆ ಮಗುವಿನ ವಯಸ್ಸು 10ರಿಂದ 12ರೊಳಗಿರಬೇಕು. ಆಧಾರ್, ಜನನ ಪತ್ರ, ಶಾಲಾ ದಾಖಲೆಗಳಲ್ಲಿ ಹೆಸರು ಅಕ್ಷರಶಃ ಒಂದೇ ಇರಲಿ.

ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. 300 ಅಂಕಗಳಲ್ಲಿ 150 ಗಣಿತಕ್ಕೇ ಮೀಸಲು. ತಲಾ 3 ಅಂಕದ 50 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಆದರೂ ಎಷ್ಟೋ ಮಕ್ಕಳು ಒಎಂಆರ್ ಉತ್ತರ ಹಾಳೆಯಲ್ಲಿ ವೃತ್ತ ಖಾಲಿ ಬಿಟ್ಟು ಬರುತ್ತಾರೆ, ಇದು ನಿಜಕ್ಕೂ ಬೇಸರದ ಸಂಗತಿ.

ಅರ್ಜಿ ಕಾಲದಲ್ಲಿ ನಾಡಕಚೇರಿಗಳು ಕೇಂದ್ರ ನಮೂನೆಯ ಪತ್ರವನ್ನು ತಡಮಾಡದೆ ವಿಲೇವಾರಿ ಮಾಡುವಂತೆ ತಹಶೀಲ್ದಾರರು ಸೂಚಿಸಬೇಕು.

– ಪ್ರಾಥಮಿಕ ಶಾಲಾ ಶಿಕ್ಷಕರು, ವಿಜಯಪುರ